ಮೋಟಾರು ಸೈಕಲ್ಲಿನ ವಿದ್ಯುದ್ದೋಷ: ಮನೆಯಲ್ಲಿಯೇ ಪತ್ತೆಹಚ್ಚುವ ಬಗೆ

ನಿಡುಗಲ್ಲು ದುರ್ಗದ ಸುತ್ತಣ ನಾಡಿನಲ್ಲಿ, ಎಂದರೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳಲ್ಲಿ, ಮೋಟಾರು ಸೈಕಲ್ಲು ವಿಲಾಸದ ವಸ್ತುವಲ್ಲ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಶಾಲೆಗೆ ಹೊರಟ ಮಗು, ಆಸ್ಪತ್ರೆಗೆ ಹೊರಟ ರೋಗಿ ಇವೆಲ್ಲಕ್ಕೂ ಅದೇ ವಾಹನ. ಪಾವಗಡದಿಂದ ಜಿಲ್ಲೆಯ ಮುಖ್ಯ ಪಟ್ಟಣವಾದ ತುಮಕೂರಿಗೆ ಸುಮಾರು 100 ಕಿಲೋಮೀಟರು ದೂರ. ಇಂಥ ಸೀಮೆಯಲ್ಲಿ ಸೆಲ್ಫ್ ಗುಂಡಿಯನ್ನು ಒತ್ತಿದಾಗ ‘ಟಿಕ್’ ಎಂಬ ಸದ್ದು ಮಾತ್ರ ಬಂದು ಎಂಜಿನ್ನು ತಿರುಗದಿದ್ದರೆ, ಅಥವಾ ರಾತ್ರಿಯ ದಾರಿಯಲ್ಲಿ ಹೆಡ್‌ಲೈಟು ಮಂಕಾದರೆ, ಅದರಿಂದಾಗುವ ತೊಂದರೆ ಸಣ್ಣದಲ್ಲ.

ಆಗ ನಾವು ಸಾಮಾನ್ಯವಾಗಿ ಮಾಡುವುದೇನು? ‘ಬ್ಯಾಟರಿ ಹೋಯಿತು’ ಎಂದು ತೀರ್ಮಾನಿಸಿ ಹೊಸದನ್ನು ಕೊಂಡುತರುತ್ತೇವೆ. ಎಷ್ಟೋ ವೇಳೆ ಕೆಲವು ವಾರಗಳಲ್ಲಿಯೇ ಹಳೆಯ ರೋಗ ಮರುಕಳಿಸುತ್ತದೆ. ಏಕೆಂದರೆ ರೋಗವಿದ್ದುದು ಬ್ಯಾಟರಿಯಲ್ಲಲ್ಲ, ದಾರಿಯಲ್ಲಿ. ಯಾವ ದಾರಿ? ಅದನ್ನು ಹುಡುಕುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದವನಿಗೆ ಹಣವೂ ಉಳಿಯುತ್ತದೆ, ಕಾಲವೂ ಉಳಿಯುತ್ತದೆ.

ಹೋಗುವ ದಾರಿ, ಬರುವ ದಾರಿ

ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಯಲ್ಲಿ ಹರಿದು ಗದ್ದೆಯನ್ನು ಸೇರುತ್ತದೆ. ಅದು ಕೆರೆಗೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತಿನ ನಡೆ ಹಾಗಲ್ಲ. ಬ್ಯಾಟರಿಯ ಧನಾಗ್ರದಿಂದ ಹೊರಟ ಪ್ರವಾಹವು ಫ್ಯೂಸು, ಸ್ವಿಚ್ಚು, ದೀಪ ಇವುಗಳನ್ನು ಹಾದು ಋಣಾಗ್ರಕ್ಕೆ ಮರಳಲೇಬೇಕು. ಮೋಟಾರು ಸೈಕಲ್ಲಿನಲ್ಲಿ ಈ ಮರಳುವ ದಾರಿಯ ಬಹುಭಾಗವು ತಂತಿಯಲ್ಲ, ವಾಹನದ ಲೋಹದ ಚೌಕಟ್ಟೇ ಆಗಿದೆ. ಮೆಕ್ಯಾನಿಕ್ಕುಗಳು ಇದನ್ನು ‘ಅರ್ತ್’ ಎನ್ನುತ್ತಾರೆ. ಚೌಕಟ್ಟಿಗೆ ತಂತಿಯನ್ನು ಬಿಗಿದ ಬೋಲ್ಟಿನ ಕೆಳಗೆ ತುಕ್ಕು ಹಿಡಿದರೆ ಮರಳುವ ದಾರಿಗೆ ಅಡ್ಡಿಯುಂಟಾಗುತ್ತದೆ. ಕಣ್ಣಿಗೆ ಕಾಣುವ ತಂತಿಗಳೆಲ್ಲ ಚೆನ್ನಾಗಿದ್ದರೂ ದೀಪ ಉರಿಯದಿರುವುದಕ್ಕೆ ಇದೇ ಅನೇಕ ವೇಳೆ ಕಾರಣ.

ಅರ್ಧ ಓಮಿನ ಲೆಕ್ಕ

ಜರ್ಮನಿಯ ಉಪಾಧ್ಯಾಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವು ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ರೋಧದಲ್ಲಿ ವ್ಯಯವಾಗುವ ವೋಲ್ಟುಗಳು ದೊರೆಯುತ್ತವೆ. 12 ವೋಲ್ಟಿನ, 35 ವಾಟಿನ ತಂತುದೀಪದ ರೋಧವು ಉರಿಯುವಾಗ ಸ್ಥೂಲವಾಗಿ 4 ಓಮ್. ದಾರಿಯಲ್ಲಿ ತುಕ್ಕಿನಿಂದ ಅರ್ಧ ಓಮ್ ಸೇರಿಕೊಂಡರೆ ವೋಲ್ಟಿನಲ್ಲಿ ಒಂಬತ್ತನೆಯ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಅಷ್ಟೇ ಅಲ್ಲವೆ ಎನ್ನಬಹುದು. ಆದರೆ ತಂತುದೀಪದ ಬೆಳಕು ವೋಲ್ಟಿಗಿಂತ ಬಹಳ ಬೇಗ ಕುಂದುವುದರಿಂದ, ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನಷ್ಟವಾಗುತ್ತದೆ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ ವಾಹನಗಳದು 6 ವೋಲ್ಟಿನ ವ್ಯವಸ್ಥೆ. ಅದೇ 35 ವಾಟನ್ನು 6 ವೋಲ್ಟಿನಿಂದ ಪಡೆಯಬೇಕಾದರೆ ದೀಪದ ರೋಧವು ಸುಮಾರು 1 ಓಮ್ ಇರಬೇಕು. ಆಗ ಅದೇ ಅರ್ಧ ಓಮಿನ ತುಕ್ಕು ವೋಲ್ಟಿನ ಮೂರನೆಯ ಒಂದು ಪಾಲನ್ನೇ ನುಂಗುತ್ತದೆ. ಹಳೆಯ ಜಾವಾವನ್ನು ಇಂದಿಗೂ ಸಾಕಿಕೊಂಡಿರುವವರು ತಂತಿಯ ಕೂಡುಗಳನ್ನು ಉಜ್ಜುತ್ತಲೇ ಇರುವುದರ ಮರ್ಮ ಇದೇ. ವೋಲ್ಟು ಹೆಚ್ಚಿದಷ್ಟೂ ಪ್ರವಾಹವೂ ಅದರ ನಷ್ಟವೂ ಕಡಮೆ. ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿಯಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರದಲ್ಲಿ ಫಲಕಗಳನ್ನು ಸಾಲಾಗಿ ಜೋಡಿಸಿ ವೋಲ್ಟನ್ನು ಏರಿಸುವುದೂ ಇದೇ ತತ್ತ್ವದಿಂದ.

ಕೆಲಸ ಮಾಡುತ್ತಿರುವಾಗ ಅಳೆಯಿರಿ

ಓಮನ ನಿಯಮದಿಂದ ಇನ್ನೊಂದು ಮುಖ್ಯ ವಿಷಯವೂ ತಿಳಿದುಬರುತ್ತದೆ. ಪ್ರವಾಹವೇ ಇಲ್ಲದಿದ್ದಾಗ ನಷ್ಟವೂ ಇಲ್ಲ. ಆದುದರಿಂದ ಎಲ್ಲವೂ ಆರಿರುವಾಗ ತುಕ್ಕು ಹಿಡಿದ ಕೂಡಿನಾಚೆಗೂ ಮೀಟರು ಪೂರ್ಣ ವೋಲ್ಟನ್ನೇ ತೋರಿಸಿ ನಮ್ಮನ್ನು ವಂಚಿಸುತ್ತದೆ. ದೋಷವು ಬಯಲಾಗುವುದು ಪ್ರವಾಹ ಹರಿಯುವಾಗ ಮಾತ್ರ. ಬೇಕಾದ ಉಪಕರಣಗಳು ಎರಡೇ: ಒಂದು ಮಲ್ಟಿಮೀಟರು, ಮತ್ತು ಎರಡು ತಂತಿಗಳನ್ನು ಬೆಸೆದ ಒಂದು 12 ವೋಲ್ಟಿನ ಬಲ್ಬು.

ಮೊದಲು, ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಬ್ಯಾಟರಿಯನ್ನು ಅಳೆಯಿರಿ. ಸುಮಾರು 12.6 ವೋಲ್ಟಿದ್ದರೆ ಪೂರ್ಣವಾಗಿ ಚಾರ್ಜಾಗಿದೆ. 12ಕ್ಕಿಂತ ಕಡಮೆಯಾದರೆ ಬಹುಮಟ್ಟಿಗೆ ಬರಿದಾಗಿದೆ. ಅಂಥದನ್ನು ಚಾರ್ಜು ಮಾಡಿಸಿದ ಮೇಲೆಯೇ ಮುಂದಿನ ಪರೀಕ್ಷೆ.

ಎರಡನೆಯದಾಗಿ, ಸೆಲ್ಫ್ ಗುಂಡಿಯನ್ನು ಒತ್ತಿಹಿಡಿದು ಮತ್ತೆ ಅಳೆಯಿರಿ. ಬ್ಯಾಟರಿಯ ವೋಲ್ಟು 9ರ ಕೆಳಗೆ ಕುಸಿದರೆ ಬ್ಯಾಟರಿಯನ್ನು ಸಂಶಯಿಸಬಹುದು. ಅದು 11ರ ಮೇಲೆಯೇ ನಿಂತು ಮೋಟಾರು ಮಾತ್ರ ತಿರುಗದಿದ್ದರೆ ದೋಷವಿರುವುದು ಬ್ಯಾಟರಿಯಿಂದಾಚೆ. ಆಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಕಿಸಿ ಗುಂಡಿಯನ್ನೊತ್ತಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆಯೆಂದೇ ತಿಳಿಯಿರಿ. ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದರೆ ಸಾಕು.

ಮೂರನೆಯದಾಗಿ, ಎಂಜಿನ್ನನ್ನು ತುಸು ವೇಗವಾಗಿ ಓಡಿಸಿ ಬ್ಯಾಟರಿಯನ್ನು ಅಳೆಯಿರಿ. 13.5ರಿಂದ 14.5 ವೋಲ್ಟು ಕಾಣಬೇಕು. ವೋಲ್ಟು ಏರದಿದ್ದರೆ ಬ್ಯಾಟರಿಗೆ ಆಹಾರವೇ ದೊರೆಯುತ್ತಿಲ್ಲ. ಹೊಸ ಬ್ಯಾಟರಿಯೂ ಹಸಿವಿನಿಂದ ಸಾಯುತ್ತದೆ. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯ ನೀರು ಇಂಗುತ್ತಿದೆ. ಕೆಲವು ವಾಹನಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಎಂಜಿನ್ನಿನ ಸುರುಳಿಯಿಂದಲೇ ನೇರವಾಗಿ ಬರುತ್ತದೆ. ಎಂಜಿನ್ನು ನಿಂತಾಗ ಅದು ಉರಿಯದಿರುವುದು ದೋಷವಲ್ಲ.

ಅರ್ಧಿಸುವ ಉಪಾಯ

ಒಂದು ದೀಪ ಮಾತ್ರ ಆರಿದೆಯೆನ್ನೋಣ. ಬಲ್ಬೂ ಫ್ಯೂಸೂ ಸರಿಯಾಗಿವೆ. ದಾರಿಯಲ್ಲಿ ಎಂಟು ಕೂಡುಗಳಿವೆ. ಒಂದೊಂದನ್ನೇ ಬಿಚ್ಚಿನೋಡುವುದು ವ್ಯರ್ಥಶ್ರಮ. ಪರೀಕ್ಷಾ ಬಲ್ಬಿನ ಒಂದು ತಂತಿಯನ್ನು ಋಣಾಗ್ರಕ್ಕೆ ಕಟ್ಟಿ ಇನ್ನೊಂದನ್ನು ದಾರಿಯ ನಡುವೆ ತಾಕಿಸಿರಿ. ಬಲ್ಬು ಚೆನ್ನಾಗಿ ಉರಿದರೆ ದೋಷ ಮುಂದಿನ ಅರ್ಧದಲ್ಲಿ, ಇಲ್ಲವಾದರೆ ಹಿಂದಿನ ಅರ್ಧದಲ್ಲಿ. ಹೀಗೆ ಮೂರೇ ಪರೀಕ್ಷೆಗಳಲ್ಲಿ ಎಂಟರಲ್ಲೊಂದು ಸಿಕ್ಕಿಬೀಳುತ್ತದೆ.

ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಅದರ ಸ್ಥಾನದಲ್ಲಿ ತಾಮ್ರದ ತಂತಿಯನ್ನೋ ಸಿಗರೇಟಿನ ಕಾಗದವನ್ನೋ ಎಂದಿಗೂ ಸೇರಿಸಬಾರದು. ಆಗ ಕರಗುವುದು ಫ್ಯೂಸಲ್ಲ, ಪೆಟ್ರೋಲು ಟ್ಯಾಂಕಿನ ಕೆಳಗಿನ ತಂತಿಯ ಹೊದಿಕೆ. ಫ್ಯೂಸಿನ ಎರಡು ತುದಿಗಳ ನಡುವೆ ಪರೀಕ್ಷಾ ಬಲ್ಬನ್ನೇ ಜೋಡಿಸಿರಿ. ಎಲ್ಲಿಯೋ ತಂತಿ ಚೌಕಟ್ಟಿಗೆ ತಗಲಿರುವವರೆಗೆ ಅದು ಪ್ರಖರವಾಗಿ ಉರಿಯುತ್ತದೆ. ಒಂದೊಂದೇ ಕವಲನ್ನು ಕಳಚುತ್ತ ಹೋಗಿರಿ. ಯಾವುದನ್ನು ಕಳಚಿದಾಗ ಬಲ್ಬು ಆರುವುದೋ ಮಂಕಾಗುವುದೋ ಅದೇ ಅಪರಾಧಿ. ಹ್ಯಾಂಡಲು ತಿರುಗುವಲ್ಲಿ ತಂತಿಗಳು ಪದೇ ಪದೇ ಬಾಗಿ ಮುರಿಯುವುದೂ, ಇಲಿಗಳು ಹೊದಿಕೆಯನ್ನು ಕಡಿಯುವುದೂ ಸಾಮಾನ್ಯ. ಮೊದಲು ಅಲ್ಲಿ ನೋಡತಕ್ಕದ್ದು.

ಕೆಲವು ಎಚ್ಚರಿಕೆಗಳು

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಿದ್ದರೆ ಬೇಸಗೆಯಲ್ಲಿ ಅದರ ನೀರಿನ ಮಟ್ಟವನ್ನು ನೋಡುತ್ತಿರಬೇಕು. ಭಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಫ್ಲೂರೈಡಿಗೆ ಹೆಸರಾದ ಪಾವಗಡದ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳು ಮನುಷ್ಯನ ಹಲ್ಲಿಗೆ ಮಾತ್ರವಲ್ಲ, ಬ್ಯಾಟರಿಯ ಫಲಕಗಳಿಗೂ ಹಿತವಲ್ಲ. ಚಾರ್ಜಾಗುವಾಗ ಜಲಜನಕವು ಹೊರಡುವುದರಿಂದ ಬೀಡಿ, ದೀಪ, ಕಿಡಿ ಹತ್ತಿರ ಸುಳಿಯಬಾರದು. ಬ್ಯಾಟರಿಯನ್ನು ಬಿಚ್ಚುವಾಗ ಋಣಾಗ್ರವನ್ನು ಮೊದಲು, ಜೋಡಿಸುವಾಗ ಕೊನೆಗೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮಗಳ ಬಳಿಕ ಹೆಚ್ಚಿನ ವಾಹನಗಳಲ್ಲಿ ಇಂಧನವನ್ನು ಚಿಮ್ಮಿಸುವುದೂ ಒಂದು ಪುಟ್ಟ ಗಣಕಯಂತ್ರದ ಅಧೀನದಲ್ಲಿದೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿದರೆ ಅದು ಕೆಡಬಹುದು. ಆ ಪೆಟ್ಟಿಗೆಯ ಸೂಕ್ಷ್ಮ ತಂತಿಗಳಿಗೆ ಪರೀಕ್ಷಾ ಬಲ್ಬನ್ನು ತಾಕಿಸಲೇಬಾರದು. ಆ ಭಾಗವನ್ನು ಬಲ್ಲವರಿಗೆ ಒಪ್ಪಿಸುವುದೇ ಜಾಣತನ.

ವೈದ್ಯನು ನಾಡಿ ಹಿಡಿದುನೋಡಿದ ಮೇಲೆ ಮದ್ದು ಕೊಡುತ್ತಾನೆ. ಯಂತ್ರದ ವಿಷಯದಲ್ಲಿಯೂ ಕ್ರಮ ಅದೇ. ಮೊದಲು ಅಳತೆ, ಆಮೇಲೆ ತೀರ್ಮಾನ, ಖರೀದಿ ಕಟ್ಟಕಡೆಗೆ. ಸಾವಿರಾರು ರೂಪಾಯಿಯ ಬ್ಯಾಟರಿಯಿಂದ ಆಗದ ಕೆಲಸವು ಎಷ್ಟೋ ಸಲ ಅಂಗೈಯಗಲದ ಒಂದು ತುಂಡು ಉಪ್ಪುಕಾಗದದಿಂದ ಆಗುತ್ತದೆ.