ಪ್ರಶ್ನೆಯ ವೇಷ

“ನಾಳೆ ಕೊಬ್ಬರಿಯ ಧಾರಣೆ ಇಳಿಯುವುದಂತೆ; ಇಂದೇ ಮಾರುವಿರೇನು?” ತಿಪಟೂರಿನ ಪೇಟೆಯಲ್ಲಿ ವರ್ತಕನೊಬ್ಬ ಹೀಗೆ ಕೇಳಿದರೆ, ಅವನು ಅಂಜಿಕೆ ಬಿತ್ತಲು ಬಂದವನೆಂದೇ ತಿಳಿಯಬೇಕು. ಚುನಾವಣಾ ಕಾಲದ ಕೆಲವು ದೂರವಾಣಿ ಸಮೀಕ್ಷೆಗಳೂ ಇದೇ ಜಾತಿಯವು. ನಿಜವಾದ ಸಮೀಕ್ಷೆ ಆಯ್ದ ಕೆಲವರನ್ನು ಕೇಳಿ ಉತ್ತರಗಳನ್ನು ಎಣಿಸುತ್ತದೆ. ಇದು ಸಾವಿರಾರು ಕಿವಿಗಳಿಗೆ ಅಪವಾದವನ್ನು ಹಾಕಿ ಉತ್ತರವನ್ನು ಮರೆಯುತ್ತದೆ. 2000ನೆಯ ಇಸವಿಯಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಜಾನ್ ಮೆಕೇನರ ವಿರುದ್ಧ ಇಂಥ ಕರೆಗಳು ಬಂದುವೆಂಬ ದೂರು ಪ್ರಸಿದ್ಧವಾದುದು.

ಸಮೀಕ್ಷೆಗೆ ಇನ್ನೊಂದು ವೇಷವೂ ಉಂಟು. ಅದರ ನೆಪದಲ್ಲಿ ಮತದಾರರನ್ನು ಮುಂದಿನ ಯೋಜನೆಗಳಿಗೆ ನೋಂದಾಯಿಸಿಕೊಳ್ಳಕೂಡದೆಂದು ಚುನಾವಣಾ ಆಯೋಗ 2024ರ ಮೇ 2ರಂದು ಪಕ್ಷಗಳಿಗೆ ಸೂಚಿಸಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಆದುದರಿಂದ ಕಾವಲು ನಮ್ಮದೇ. ತಾವು ಯಾರ ಪರ, ನಮ್ಮ ಉತ್ತರ ಎಲ್ಲಿ ಸೇರುತ್ತದೆ ಎಂದು ಕೇಳೋಣ. ಅತ್ತಲಿನ ದನಿ ತಡವರಿಸಿದರೆ ದೂರವಾಣಿಯನ್ನು ಕೆಳಗಿಡುವುದೇ ಲೇಸು.