ನಾಣ್ಯದ ಮುಖವನ್ನು ಮರಳಿ ಕೆತ್ತುವ ಕಲೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಟಂಕಸಾಲೆಗಳಿಂದ 1913ರಿಂದ 1938ರವರೆಗೆ ಹೊರಬಿದ್ದ ಐದು ಸೆಂಟಿನ ನಾಣ್ಯವೊಂದುಂಟು. ಜೇಮ್ಸ್ ಅರ್ಲ್ ಫ್ರೇಸರ್ ಎಂಬ ಶಿಲ್ಪಿಯು ರೂಪಿಸಿದ ಈ ನಾಣ್ಯದ ಒಂದು ಮುಖದಲ್ಲಿ ಆ ನೆಲದ ಮೂಲನಿವಾಸಿಯೊಬ್ಬನ ಗಂಭೀರವಾದ ಪಾರ್ಶ್ವಮುಖವೂ, ಹಿಂಬದಿಯಲ್ಲಿ ಅಲ್ಲಿನ ಹುಲ್ಲುಬಯಲುಗಳ ಕಾಡುಕೋಣವೂ ಉಬ್ಬಿ ನಿಂತಿವೆ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಕೂಡಿದ, ಐದು ಗ್ರಾಂ ತೂಕದ, ಅಡ್ಡಳತೆಯಲ್ಲಿ 21.2 ಮಿಲಿಮೀಟರನ್ನು ಮೀರದ ಈ ಪುಟ್ಟ ಲೋಹಖಂಡವೇ, ಟಂಕಸಾಲೆಯವರು ಎಣಿಸಿಯೇ ಇರದಿದ್ದ ರೀತಿಯಲ್ಲಿ, ಒಂದು ಜನಪದ ಶಿಲ್ಪಕ್ಕೆ ಆಧಾರವಾಯಿತು. ಹಾಗೆ ಮರಳಿ ಕೆತ್ತಿದ ನಾಣ್ಯವನ್ನು ಹೋಬೋ ನಿಕಲ್ ಎಂದು ಕರೆಯುವರು.

ನಾಣ್ಯವನ್ನು ಕೆತ್ತಿ ಅಲಂಕರಿಸುವ ಹವ್ಯಾಸವು ಅದಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಬೆಳ್ಳಿಯ ಸಣ್ಣ ನಾಣ್ಯದ ಒಂದು ಪಕ್ಕವನ್ನು ಉಜ್ಜಿ ನುಣುಪುಗೊಳಿಸಿ, ಅಲ್ಲಿ ಪ್ರಿಯಜನರ ಹೆಸರಿನ ಆದ್ಯಕ್ಷರಗಳನ್ನು ಕೆತ್ತಿಸಿ, ಒಡವೆಯಾಗಿ ಧರಿಸುವ ರೂಢಿ ಆ ದೇಶದಲ್ಲಿತ್ತು. ಆದರೆ ಫ್ರೇಸರನ ನಾಣ್ಯವು ಕೆತ್ತನೆಗಾರನಿಗೆ ಬೇರೊಂದು ಅವಕಾಶವನ್ನೇ ತೆರೆಯಿತು. ಅದರ ಮುಖಚಿತ್ರವು ಬಿಲ್ಲೆಯ ಬಹುಭಾಗವನ್ನು ಆವರಿಸಿ, ಹಣೆ, ಕೆನ್ನೆಯೆಲುಬು, ಜಡೆಗಳೆಲ್ಲವೂ ದಟ್ಟವಾದ ಉಬ್ಬಿನಲ್ಲಿದ್ದುದರಿಂದ, ಕಡಿದು ತಿದ್ದಲು ಬೇಕಾದ ಲೋಹವು ಅಲ್ಲಿ ಮೊದಲೇ ಸಂಚಿತವಾಗಿತ್ತು. ಸರಕು ರೈಲುಗಳನ್ನೇರಿ ಊರಿಂದೂರಿಗೆ ಕೂಲಿಯನ್ನರಸಿ ಅಲೆಯುತ್ತಿದ್ದ, ಹೋಬೋ ಎಂಬ ಹೆಸರಿನ ಶ್ರಮಿಕರು, ಕಿಸೆಯ ಚಾಕು, ಮಸೆದ ಮೊಳೆಗಳಂಥ ಬಡ ಉಪಕರಣಗಳಿಂದಲೇ ತಲೆಯ ಗರಿಗಳನ್ನಳಿಸಿ ದುಂಡು ಟೋಪಿಯನ್ನೂ, ಜಡೆಯನ್ನು ಕಡಿದು ಕಿವಿಯನ್ನೂ, ಗಲ್ಲದ ಮೇಲೆ ಗಡ್ಡವನ್ನೂ ಮೂಡಿಸಿದರು. ಹಿಂಬದಿಯ ಕಾಡುಕೋಣವು ಕೆಲವರ ಕೈಯಲ್ಲಿ ಕತ್ತೆಯಾಯಿತು, ಕೆಲವರ ಕೈಯಲ್ಲಿ ಆನೆಯಾಯಿತು, ಮತ್ತೆ ಕೆಲವರಲ್ಲಿ ಬೆನ್ನಿಗೆ ಗಂಟು ಹೊತ್ತ ಪಥಿಕನ ಆಕೃತಿಯಾಯಿತು. ಕೆತ್ತಿದವರೆಲ್ಲರೂ ಅಲೆಮಾರಿಗಳೇ ಆಗಿರಲಿಲ್ಲವಾದರೂ, ಇಂಥ ನಾಣ್ಯವನ್ನು ಕೊಟ್ಟು ಒಂದು ಹೊತ್ತಿನ ಊಟವನ್ನೋ ಒಂದಿರುಳಿನ ಆಶ್ರಯವನ್ನೋ ಪಡೆದವರು ಅವರಲ್ಲಿದ್ದರು. ನೆಲವನ್ನು ಕಳೆದುಕೊಂಡ ಜನಾಂಗದವನ ಮುಖದೊಳಗಿಂದ ನೆಲೆಯಿಲ್ಲದ ಕೂಲಿಕಾರನ ಮುಖವು ಹೊರಬಂದುದನ್ನು ನೆನೆದರೆ ನನಗೆ ವಿಸ್ಮಯದೊಡನೆ ವಿಷಾದವೂ ಆಗುತ್ತದೆ. ಅನೇಕರು ಮೂಗು ತುಟಿಗಳನ್ನು ಮುಟ್ಟದೆ ಬಿಟ್ಟಿರುವುದರಿಂದ ಟೋಪಿಯ ಕೆಳಗೆ ಫ್ರೇಸರನ ಆ ಹಳೆಯ ಮುಖವೇ ಇನ್ನೂ ಇದೆ.

ಬರ್ಟ್ ವೀಗಂಡ್ ಮತ್ತು ಅವನಿಂದ ಕಲಿತ, ಬೋ ಎಂದೇ ಪ್ರಸಿದ್ಧನಾದ ಜಾರ್ಜ್ ವಾಷಿಂಗ್ಟನ್ ಹ್ಯೂಸ್, ಈ ಕಲೆಯಲ್ಲಿ ಹೆಸರುಳಿಸಿಕೊಂಡ ಇಬ್ಬರು. ನಾಣ್ಯದ ಮೇಲಿದ್ದ ಲಿಬರ್ಟಿ ಎಂಬ ಇಂಗ್ಲಿಷ್ ಪದದ ಮೊದಲಿನ ಎರಡಕ್ಷರಗಳನ್ನೂ ಕೊನೆಯದೊಂದನ್ನೂ ಕೆರೆದು ತೆಗೆದು, ನಡುವೆ ಉಳಿದ ನಾಲ್ಕನ್ನೇ ತನ್ನ ಹೆಸರಾಗಿ ಬಿಡುವುದು ಬರ್ಟನ ಅಂಕಿತದ ಕ್ರಮವಾಗಿತ್ತು. ಈ ಕಲೆಯ ಸ್ವಭಾವವೆಲ್ಲ ಆ ಅಂಕಿತದಲ್ಲಿದೆಯೆಂದು ನನ್ನ ಭಾವನೆ. ಏಕೆಂದರೆ ಇಲ್ಲಿ ಲೋಹವನ್ನು ಸೇರಿಸುವುದೆಂಬುದಿಲ್ಲ. ಇರುವುದನ್ನು ಚೆನ್ನಾಗಿ ನೋಡಿ, ಯಾವುದು ಉಳಿಯಬೇಕೆಂದು ನಿಶ್ಚಯಿಸಿ, ಮಿಕ್ಕುದನ್ನು ಕಡಿಯಬೇಕು.

ಕಡಿಯುವ ಸಾಧನವಾದ ಕೆತ್ತುಳಿಯು ಗಡಸು ಉಕ್ಕಿನ ಸಣ್ಣ ಸಲಾಕೆ; ಅದರ ತುದಿಯನ್ನು ಸುಮಾರು 45 ಅಂಶಗಳ ಓರೆಯಲ್ಲಿ ಮಸೆದಿರುತ್ತಾರೆ. ತುದಿಯ ತಳಭಾಗದಲ್ಲಿ ಕಿರಿದಾದ ಇನ್ನೊಂದು ಓರೆಯನ್ನು ಕೊಡುವುದು ಅವಶ್ಯ. ಅದಿಲ್ಲದಿದ್ದರೆ ಉಳಿಯು ಲೋಹದೊಳಕ್ಕೆ ಇಳಿಯುತ್ತಲೇ ಹೋಗಿ ಸಿಕ್ಕಿಕೊಳ್ಳುವುದು. ಅದಿದ್ದರೆ ಹಿಡಿಯನ್ನು ಕೊಂಚ ತಗ್ಗಿಸಿದ ಮಾತ್ರಕ್ಕೆ ತುದಿಯು ಮೇಲಕ್ಕೆದ್ದು ಬರುವುದು. ಹಿಡಿಯನ್ನು ಅಂಗೈಗೆ ಆನಿಸಿ ತಳ್ಳುತ್ತ, ಕೆತ್ತುವ ಕೈಯ ಹೆಬ್ಬೆರಳನ್ನು ಕೆಲಸದ ಮೇಲೆ ಊರಿ ಉಳಿ ಜಾರದಂತೆ ತಡೆಯುವರು. ಬಳ್ಳಿಯಂತೆ ಬಾಗುವ ಗೆರೆಯನ್ನು ಎಳೆಯುವಾಗ ಉಳಿಯ ಕೈಯು ಹೆಚ್ಚು ಕದಲುವುದಿಲ್ಲ, ತಿರುಗುವುದು ನಾಣ್ಯ. ಅದಕ್ಕಾಗಿಯೇ ನಾಣ್ಯವನ್ನು ಭಾರವಾದ, ಗುಂಡಗಿನ, ಸುಳುವಾಗಿ ತಿರುಗುವ ಹಿಡಿಕದಲ್ಲಿ ಬಿಗಿದು ಎಡಗೈಯಿಂದ ತಿರುಗಿಸುವರು; ನಮ್ಮ ಅಕ್ಕಸಾಲಿಗರು ಇದೇ ಪ್ರಯೋಜನಕ್ಕೆ ಅರಗಿನಲ್ಲಿ ಒಡವೆಯನ್ನು ನಿಲ್ಲಿಸುವುದುಂಟು. ಆಳಕ್ಕಿಳಿದಷ್ಟೂ ಗೆರೆ ಅಗಲವಾಗುವುದರಿಂದ ಒಂದೇ ಗೆರೆಯನ್ನು ಕೂದಲೆಳೆಯಂತೆ ಆರಂಭಿಸಿ, ನಡುವೆ ತುಂಬಿ, ಮತ್ತೆ ಸೂಕ್ಷ್ಮವಾಗಿ ಮುಗಿಸಬಹುದು. ಉಳಿಯ ತುದಿಯನ್ನು ಕನ್ನಡಿಯಾಗುವಂತೆ ಹೊಳಪಿಸಿದ್ದರೆ ಅದು ಕಡಿದ ಕಣಿವೆಯ ಗೋಡೆಗಳೂ ಹೊಳೆಯುವುವು. ಹೊಸ ತಲೆಯ ಸುತ್ತಲಿನ ನೆಲವನ್ನು ತಗ್ಗಿಸಿದ ಮೇಲೆ, ಅಲ್ಲಿ ಉಳಿದ ಉಳಿಯ ಗಾಯಗಳನ್ನು ಸಣ್ಣ ಚುಕ್ಕೆಗಳ ಅಚ್ಚೊತ್ತಿ ಮರೆಸುವುದೂ ಒಂದು ಜಾಣ್ಮೆ.

ಹೊಳೆಯುವ ಲೋಹದ ಮೇಲೆ ಗೆರೆ ಕಾಣುವುದು ಕಷ್ಟ. ನಮ್ಮ ಬೀದರಿನ ಕುಶಲಕರ್ಮಿಗಳು ಇದಕ್ಕೆ ಬಹುಹಿಂದೆಯೇ ಪರಿಹಾರ ಕಂಡಿದ್ದಾರೆ: ಸತುವೇ ಪ್ರಧಾನವಾಗಿ ಅಲ್ಪ ತಾಮ್ರ ಬೆರೆತ ಎರಕದ ಪಾತ್ರೆಯನ್ನು ಅರದಿಂದ ನುಣುಪು ಮಾಡಿ, ಮೈಲುತುತ್ತದ ದ್ರಾವಣವನ್ನು ಸವರಿ ಮೈಯನ್ನು ಕಪ್ಪಾಗಿಸುವರು, ಆ ಮೇಲೆ ಉಳಿ ಹರಿದಲ್ಲೆಲ್ಲ ಲೋಹದ ಬಿಳುಪು ಎದ್ದು ತೋರುವುದು. ಬೆಳ್ಳಿಯ ತಂತಿ ಕೂರುವುದು ಆ ಕೆತ್ತಿದ ತಗ್ಗುಗಳಲ್ಲಿ. ಬಿದರಿ ಎಂಬ ಈ ಕಲೆಯನ್ನು ಮೆಚ್ಚುವವರು ಬೆಳ್ಳಿಯನ್ನು ಹೊಗಳುವಷ್ಟು ಅದರಡಿಯ ಕೆತ್ತನೆಯನ್ನು ಹೊಗಳದಿರುವುದು ನನಗೆ ಅನ್ಯಾಯವೆಂದು ತೋರುತ್ತದೆ.

ಹೋಬೋ ನಿಕಲ್‌ಗಳ ಸಂಗ್ರಾಹಕರೂ ಕೆತ್ತನೆಗಾರರೂ 1992ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಈಗ ಗಾಳಿಯ ಒತ್ತಡದಿಂದ ಚಲಿಸುವ ಉಳಿಗಳೂ ಸೂಕ್ಷ್ಮದರ್ಶಕಗಳೂ ಬಂದು, ಹಿಂದೆ ಊಹಿಸಲಾಗದ ನಯವು ಸಾಧ್ಯವಾಗಿದೆ. ಆದರೂ ಮೂಲದ ಮುಖ ಪೂರ್ತಿ ಅಳಿದು ತಲೆಬುರುಡೆಗಳೇ ತುಂಬಿದ ಕೆಲವು ಹೊಸ ಕೃತಿಗಳಿಗಿಂತ, ಹಳೆಯ ಗೆರೆಯನ್ನು ಹೊಸ ರೂಪಕ್ಕೆ ಒಗ್ಗಿಸಿಕೊಂಡವು ನನಗೆ ಹೆಚ್ಚು ಪ್ರಿಯ. ನಮ್ಮಲ್ಲಿ ಈ ಹವ್ಯಾಸಕ್ಕೆ ತೊಡಗುವವರು ಚಲಾವಣೆಯ ನಾಣ್ಯಗಳನ್ನು ಮುಟ್ಟದಿರುವುದೇ ಯೋಗ್ಯ, ನಾಣ್ಯಗಳನ್ನು ನಾಶಪಡಿಸುವುದನ್ನು 2011ರ ನಾಣ್ಯ ಕಾಯಿದೆಯು ನಿಷೇಧಿಸುತ್ತದೆ. ಮೃದುವಾದ ತಾಮ್ರದ ತಗಡಿನ ತುಂಡೊಂದು ಆರಂಭಕ್ಕೆ ಸಾಕು. ಮೊದಮೊದಲು ಅದರ ಮೇಲೆ ಸಮಾನಾಂತರವಾದ ನೇರ ಗೆರೆಗಳನ್ನೂ, ಕೈ ಹದಗೊಂಡ ಮೇಲೆ ಬಾಗಿದ ಗೆರೆಗಳನ್ನೂ ಕೆತ್ತಬೇಕು. ಗೆರೆಯ ಅಂಚು ಒರಟಾಗತೊಡಗಿದ ಕೂಡಲೇ ಬಲವನ್ನು ಹೆಚ್ಚಿಸದೆ, ಕೆಲಸವನ್ನು ನಿಲ್ಲಿಸಿ, ಉಳಿಯನ್ನು ಎಣ್ಣೆ ಹಾಕಿದ ಸಾಣೆಕಲ್ಲಿಗೆ ಒಯ್ಯಬೇಕು.