ಮನೆಯಲ್ಲೇ ಕೇಕ್ ಅಲಂಕಾರ: ಹೊಸಬರಿಗೆ ಕೆಲವು ಸೂಚನೆಗಳು



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಕುಸ್ವಾರಿನ ಸಿದ್ಧತೆ ಆರಂಭವಾಗುತ್ತದೆ. ಬೇರೆಲ್ಲ ತಿಂಡಿಗಳನ್ನು ಕೈಯಾರೆ ಮಾಡುವ ಎಷ್ಟೋ ತಾಯಂದಿರು ಕೇಕನ್ನು ಮಾತ್ರ ಪೇಟೆಯ ಬೇಕರಿಯಿಂದ ತರಿಸುತ್ತಾರೆ. "ಬೇಯಿಸಲು ಬರುತ್ತದೆ, ಅಲಂಕಾರ ನಮ್ಮಿಂದಾಗದು" ಎಂಬುದು ಅವರು ಕೊಡುವ ಕಾರಣ. ಆದರೆ ಅದಕ್ಕೆ ಬೇಕಾದ ಬೆಣ್ಣೆ, ಗೇರುಬೀಜ, ತೆಂಗಿನಕಾಯಿ ಹೆಚ್ಚಿನ ರೈತರ ಮನೆಗಳಲ್ಲೇ ಇವೆ. ಮುಖ್ಯವಾಗಿ ತಿಳಿಯಬೇಕಾದದ್ದು ಎರಡು: ನಮ್ಮ ಸೆಕೆಯಲ್ಲಿ ಬೆಣ್ಣೆ ಕರಗದಂತೆ ನೋಡಿಕೊಳ್ಳುವುದು ಹೇಗೆ ಮತ್ತು ಕೇಕಿನ ಮೇಲೆ ಏನನ್ನು ಇಡಬಾರದು.

ಬೆಣ್ಣೆ ಐಸಿಂಗ್

8 ಇಂಚು ಅಗಲದ ಉರುಟು ಕೇಕಿನ ಮೇಲ್ಭಾಗಕ್ಕೆ 60 ಗ್ರಾಂ ಉಪ್ಪಿಲ್ಲದ ಬೆಣ್ಣೆ, 120 ಗ್ರಾಂ ಐಸಿಂಗ್ ಸಕ್ಕರೆ, ಎರಡು ಚಹಾ ಚಮಚ ಹಾಲು ಸಾಕು. ಮನೆಯ ಬೆಣ್ಣೆಯಾದರೆ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಮಜ್ಜಿಗೆಯ ಹುಳಿ ಹೋದ ಮೇಲೆ ನೀರನ್ನು ಪೂರ್ತಿ ಹಿಂಡಿ ತೆಗೆಯಿರಿ. ನೀರು ಉಳಿದರೆ ಐಸಿಂಗ್ ಒಡೆಯುತ್ತದೆ. ಐಸಿಂಗ್ ಸಕ್ಕರೆ ಸಿಗದಿದ್ದರೆ ಸಕ್ಕರೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಬೆಣ್ಣೆಯನ್ನು ಬಿಳುಪಾಗುವವರೆಗೆ ಕಡೆದು, ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು.

ಬೆಣ್ಣೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಕರಾವಳಿಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಅಷ್ಟು ಸೆಕೆ ಇರುವುದುಂಟು. ಆದ್ದರಿಂದ ಈ ಕೆಲಸಕ್ಕೆ ಬೆಳಗಿನ ಜಾವ ಅಥವಾ ರಾತ್ರಿ ಸೂಕ್ತ.

ಹಚ್ಚುವ ಕ್ರಮ

ಬಿಸಿ ಕೇಕಿನ ಮೇಲೆ ಐಸಿಂಗ್ ನಿಲ್ಲದು. ಹಿಂದಿನ ದಿನವೇ ಬೇಯಿಸಿ ಪೂರ್ತಿ ತಣಿಯಲು ಬಿಡಿ. ಉಬ್ಬಿದ ಮೇಲ್ಭಾಗವನ್ನು ಕತ್ತರಿಸಿ ಸಮಮಾಡಿ. ಮಗುಚಿಟ್ಟ ಬಟ್ಟಲಿನ ಮೇಲೆ ತಟ್ಟೆಯಿಟ್ಟು ಅದರ ಮೇಲೆ ಕೇಕ್ ಇರಿಸಿದರೆ ತಿರುಗಿಸುತ್ತಾ ಹಚ್ಚಬಹುದು. ಮೊದಲು ತೀರಾ ತೆಳುವಾಗಿ ಒಂದು ಲೇಪ ಹಚ್ಚಿ. ಉದುರುವ ಕೇಕಿನ ಪುಡಿಯೆಲ್ಲ ಇದಕ್ಕೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಎರಡನೆಯ ಲೇಪ ಹಚ್ಚಿದರೆ ನಯವಾದ ಬಿಳಿ ಮೈ ಸಿಗುತ್ತದೆ.

ಗೆರೆ, ಚುಕ್ಕೆ ಬಿಡಿಸಲು ಬೆಣ್ಣೆಕಾಗದವನ್ನು ಕಡಲೆಕಾಯಿಯ ಪೊಟ್ಟಣದಂತೆ ಸುತ್ತಿ, ಐಸಿಂಗ್ ತುಂಬಿ, ತುದಿಯನ್ನು ಚೂರು ಕತ್ತರಿಸಿ. ಮೊದಲು ಉಕ್ಕಿನ ತಟ್ಟೆಯ ಮೇಲೆ ಅಭ್ಯಾಸ ಮಾಡಿ. ಅದನ್ನು ಕೆರೆದು ಪುನಃ ಬಳಸಬಹುದಾದ್ದರಿಂದ ಏನೂ ನಷ್ಟವಿಲ್ಲ. ಕೇಕಿನ ಬದಿಗಳಿಗೆ ಸ್ವಲ್ಪ ಜಾಮ್ ಸವರಿ, ಸಣ್ಣ ಉರಿಯಲ್ಲಿ ಬಣ್ಣ ಬದಲಾಗದಂತೆ ಹುರಿದ ಒಣಕೊಬ್ಬರಿಯ ತುರಿಯನ್ನೋ ಗೇರುಬೀಜದ ಚೂರನ್ನೋ ಒತ್ತಿ. ಹಸಿ ತುರಿ ಬೇಗ ಹಳಸುತ್ತದೆ, ಅದು ಬೇಡ.

ಬಣ್ಣ ಯಾವುದು?

ಬೀಟ್‌ರೂಟ್ ರಸದಿಂದ ಗುಲಾಬಿ, ಚಿಟಿಕೆ ಅರಿಶಿನದಿಂದ ಹಳದಿ, ಹಿತ್ತಿಲಿನ ಬಸಳೆಯ ಮಾಗಿದ ಹಣ್ಣಿನಿಂದ ನೇರಳೆ ಬಣ್ಣ ಬರುತ್ತದೆ. ಹನಿಹನಿಯಾಗಿ ಸೇರಿಸಿ. ಅಂಗಡಿಯ ಬಣ್ಣ ಕೊಳ್ಳುವುದಾದರೆ ಅದು ಆಹಾರದ ಬಣ್ಣವೆಂದು ಬರೆದಿರಬೇಕು ಮತ್ತು 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇರಬೇಕು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವನ್ನು ತಿಂಡಿಗೆ ಬೆರೆಸುವವರಿದ್ದಾರೆ. ಬೊಂಬಾಯಿ ಮಿಠಾಯಿಯಲ್ಲಿ ಇದು ಪತ್ತೆಯಾದ್ದರಿಂದ 2024ರ ಫೆಬ್ರವರಿಯಲ್ಲಿ ತಮಿಳುನಾಡು ಆ ಮಿಠಾಯಿಯನ್ನೇ ನಿಷೇಧಿಸಿತು. ಮರುತಿಂಗಳು ಕರ್ನಾಟಕವೂ ಕ್ರಮ ಕೈಗೊಂಡಿತು. ಬಿಡಿಯಾಗಿ ತೂಗಿ ಕೊಡುವ ಹೆಸರಿಲ್ಲದ ಪುಡಿ, ಕ್ರಿಬ್ಬಿನ ಅಲಂಕಾರಕ್ಕೆ ತಂದ ಮಿನುಗು ಪುಡಿ ಕೇಕಿಗೆ ಸಲ್ಲವು.

ಹೂವಿನ ವಿಷಯದಲ್ಲಿ ಎಚ್ಚರ

ನಿಜವಾದ ಹೂಗಳನ್ನು ಕೇಕಿನ ಮೇಲಿಡುವ ರೂಢಿ ಈಗ ಹೆಚ್ಚಿದೆ. ಅಂಗಳದಲ್ಲಿ ಅರಳಿದ ಕಣಗಿಲೆ ನೋಡಲು ಸೊಗಸು, ಆದರೆ ಅದರ ಎಲೆ, ಹೂ, ಹಾಲು ಎಲ್ಲವೂ ವಿಷ. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಲಯಾಳದಲ್ಲಿ ಇದನ್ನು ಅರಳಿ ಎನ್ನುತ್ತಾರೆ. 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ದೇವಸ್ಥಾನಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನು ನಿಲ್ಲಿಸಿತು. ಹಳದಿ ಕಣಗಿಲೆ, ದತ್ತೂರ ಇವೂ ವಿಷವೇ.

ಪೇಟೆಯ ಹೂಗಳನ್ನು ಬೆಳೆಯುವುದು ಮುಡಿಯಲು, ತಿನ್ನಲು ಅಲ್ಲ. ಅವುಗಳಿಗೆ ಹೊಡೆದ ಕೆಲವು ಕೀಟನಾಶಕಗಳು ಗಿಡದ ಒಳಗೇ ಸೇರುವುದರಿಂದ ತೊಳೆದರೂ ಹೋಗುವುದಿಲ್ಲ. ಎಂಡೋಸಲ್ಫಾನಿನ ಸಂಕಟವನ್ನು ಕಣ್ಣಾರೆ ಕಂಡ ನಮ್ಮ ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮದ್ದು ಸಿಂಪಡಿಸದ ಮನೆಯ ಗುಲಾಬಿ ಅಥವಾ ದಾಸವಾಳದ ಎಸಳನ್ನು ತೊಳೆದು, ಒರೆಸಿ ಬಳಸಬಹುದು.

ಹಸಿ ಮೊಟ್ಟೆ, ಸಕ್ಕರೆ

ಮೊಟ್ಟೆಯ ಹಸಿ ಬಿಳಿಯಿಂದ ಮಾಡುವ ಗಟ್ಟಿ ಐಸಿಂಗಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಊರಕೋಳಿಯ ಮೊಟ್ಟೆಯೂ ಇದಕ್ಕೆ ಹೊರತಲ್ಲ. ಮಕ್ಕಳು, ಬಸುರಿಯರು, ವೃದ್ಧರು ತಿನ್ನುವ ಕೇಕಿಗೆ ಅದರ ಬದಲು 100 ಗ್ರಾಂ ಐಸಿಂಗ್ ಸಕ್ಕರೆಗೆ ಮೂರು ನಾಲ್ಕು ಚಹಾ ಚಮಚ ಲಿಂಬೆರಸ ಅಥವಾ ಪುನರ್ಪುಳಿ ನೆನೆಸಿದ ನೀರು ಕಲಸಿ ಸುರಿಯಿರಿ. ಒಣಗಿದಾಗ ತೆಳುವಾದ ಹೊಳಪಿನ ಪದರವಾಗುತ್ತದೆ.

ಸಕ್ಕರೆ ಕಾಯಿಲೆಯವರು ಈಗ ಇಲ್ಲದ ಮನೆಯೇ ಅಪರೂಪ. ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಯೊಳಗೆ ನಿಲ್ಲುವುದು ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಡೀ ಕೇಕಿಗೆ ಬಳಿಯಲು ಸುಮಾರು 300 ಗ್ರಾಂ ಐಸಿಂಗ್ ಸಕ್ಕರೆ ಬೇಕು. 12 ತುಂಡು ಮಾಡಿದರೆ ಒಂದೊಂದರ ಐಸಿಂಗಿನಲ್ಲೇ ಆ 25 ಗ್ರಾಂ ಮುಗಿಯಿತು! ಮೇಲ್ಭಾಗಕ್ಕೆ ಮಾತ್ರ ಹಚ್ಚಿದರೆ ಅದು 10 ಗ್ರಾಂಗೆ ಇಳಿಯುತ್ತದೆ. ಮೊದಲ ಸಲ ಮಾಡುವವರಿಗೆ ಕೆಲಸವೂ ಹಗುರ.

ಬೆಣ್ಣೆ ಐಸಿಂಗಿನ ಕೇಕನ್ನು ಫ್ರಿಜ್‌ನಿಂದ ತೆಗೆದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ರಾತ್ರಿಯ ಬಲಿಪೂಜೆಗೆ ಹೊರಡುವ ಮುಂಚೆ ಅದು ಫ್ರಿಜ್‌ನಲ್ಲೇ ಇರಲಿ, ಮರಳಿ ಬಂದ ಮೇಲೆ ಎಲ್ಲರೂ ಕುಳಿತು ಕತ್ತರಿಸಿ.